ಕಹಳೆಯಕ್ಕ ಚಹಾ ಮಾಡಿದ ದಿನ

ಭಾನುವಾರ, ಹದಿನಾಲ್ಕನೇ ತಾರೀಖು

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮಗಳಿಗೆ, ಆ ಮೂಗನ್ನೂ ಕೋಪವನ್ನೂ ಕೊಟ್ಟ ಅಮ್ಮನ ಪ್ರೀತಿ.

ಎಂಟು ತಿಂಗಳಿಂದ ನೀನು ನನ್ನ ಫೋನ್ ಎತ್ತಿಲ್ಲ. ಎತ್ತಿದ್ದರೂ ನನಗೆ ಕಷ್ಟವೇ ಆಗುತ್ತಿತ್ತು, ಯಾಕೆಂದು ಹೇಳುತ್ತೇನೆ. ಈ ಕಾಗದ ಹರಿದು ಹಾಕುವುದಾದರೆ ಓದಿ ಆಮೇಲೆ ಹರಿ.

ನಿನ್ನ ಮೊದಲ ಸ್ವಂತ ಕಛೇರಿ ಮುಗಿದ ಮೇಲೆ ನೀನು ಕೊಳಲು ಒರೆಸುತ್ತಾ ನನ್ನ ಮುಖ ನೋಡಿದೆ. ನಾನು ಚೆನ್ನಾಗಿತ್ತು ಅಂದೆ. ಹದಿನೈದು ವರ್ಷ ಒಂದೊಂದು ಸ್ವರಕ್ಕೂ ನನ್ನ ತಲೆ ತಿಂದವಳು, ಇವತ್ತು ಇಷ್ಟೇನಾ ಅಂತ ನೀನು ಕೇಳಿದೆ. ಎಲ್ಲಾ ಚೆನ್ನಾಗಿತ್ತು ಕಣೇ ಅಂತ ನಾನು ಮತ್ತೆ ಅಂದೆ. ನನ್ನ ಕೊಳಲು ಅಂದ್ರೆ ನಿನಗೆ ಯಾವತ್ತೂ ಅಷ್ಟಕ್ಕಷ್ಟೇ ಅಂದು ಪೆಟ್ಟಿಗೆ ಮುಚ್ಚಿಕೊಂಡು ಹೊರಟುಹೋದೆ. ನಾನು ಅವತ್ತು ಸುಳ್ಳು ಹೇಳಿದ್ದೆ. ಚೆನ್ನಾಗಿತ್ತೋ ಇಲ್ಲವೋ ನನಗೆ ಗೊತ್ತೇ ಇರಲಿಲ್ಲ. ನೀನು ಮೇಲಿನ ಸ್ವರಕ್ಕೆ ಹತ್ತಿದಾಗಲೆಲ್ಲ ನಿನ್ನ ಬೆರಳು ಆಡುವುದು ಕಾಣುತ್ತಿತ್ತು, ಕೆನ್ನೆ ಬಿಗಿಯುವುದು ಕಾಣುತ್ತಿತ್ತು, ಕಿವಿಗೆ ಮಾತ್ರ ಏನೂ ಬೀಳುತ್ತಿರಲಿಲ್ಲ. ನಾಲ್ಕು ವರ್ಷದಿಂದ ಹೀಗೇ.

ಹಾಗಾದರೆ ವಾದ್ಯವೃಂದದಲ್ಲಿ ಪಿಟೀಲು ಹೇಗೆ ನುಡಿಸಿದೆ ಅಂತ ಕೇಳುತ್ತೀಯ. ಕಳ್ಳತನದಿಂದ. ನಮ್ಮಲ್ಲಿ ಸ್ವರದ ಹಾಳೆ ಇಡುವ ಸ್ಟ್ಯಾಂಡ್ ಇಬ್ಬರಿಗೆ ಒಂದೇ ತಾನೇ. ಪಕ್ಕದಲ್ಲಿ ಕೂರುವ ಉದ್ದ ಜಡೆಯವಳ ಕಮಾನನ್ನು ಓರೆಗಣ್ಣಲ್ಲಿ ನೋಡುತ್ತಿದ್ದೆ. ಅವಳದು ಎದ್ದರೆ ನನ್ನದೂ ಏಳುತ್ತಿತ್ತು. ಎರಡು ತಿಂಗಳ ಹಿಂದೆ, ತುಂಬಿದ ಸಭಾಂಗಣದಲ್ಲಿ, ಎಲ್ಲರೂ ವಾದ್ಯ ನಿಲ್ಲಿಸಿ ಸುಮ್ಮನಿರಬೇಕಾದ ಜಾಗದಲ್ಲಿ ಒಂದು ನೊಣ ಅವಳ ಮೂಗಿನ ಮೇಲೆ ಕೂತಿತು. ಅದನ್ನು ಓಡಿಸಲು ಅವಳು ಕಮಾನಿನ ಕೈ ಎತ್ತಿದಳು. ನಾನು ಜೋರಾಗಿ ನುಡಿಸಿಬಿಟ್ಟೆ, ಒಬ್ಬಳೇ. ನಗು ಬಂದರೆ ನಗು, ಈಗ ನನಗೂ ಬರುತ್ತದೆ. ಆಮೇಲೆ ಮಾಡಿದ್ದಕ್ಕೆ ಮಾತ್ರ ಬರುವುದಿಲ್ಲ. ನಿರ್ದೇಶಕರು ಕರೆದು ಕೇಳಿದಾಗ, ಇವಳು ಹಾಳೆ ತಪ್ಪಾಗಿ ತಿರುಗಿಸಿದಳು ಅಂದುಬಿಟ್ಟೆ. ಜಡೆಯವಳು ಪಕ್ಕದಲ್ಲೇ ನಿಂತಿದ್ದಳು. ಹೌದು ಸಾರ್, ನನ್ನದೇ ತಪ್ಪು ಅಂದಳು.

ಮರುವಾರ ಅವಳೇ ಸಂಘಕ್ಕೆ ಫೋನ್ ಮಾಡಿದ್ದಾಳೆ. ಸಂಗೀತಗಾರರ ಸಹಾಯ ಸಂಘ ನಿನಗೆ ಗೊತ್ತಲ್ಲ. ಹದಿನಾಲ್ಕನೇ ವಯಸ್ಸಿಗೆ ನನ್ನ ಕೈಗೆ ಪಿಟೀಲು ಕೊಟ್ಟವರು ಅವರು. ನೀನು ಹುಟ್ಟಿದ ಮೂರು ತಿಂಗಳಿಗೆ ನನ್ನ ಮೊಣಕೈ ಊದಿ ಕಮಾನು ಎತ್ತಲಾಗದಿದ್ದಾಗ ವೈದ್ಯರನ್ನು ಹುಡುಕಿಕೊಟ್ಟವರು, ತಾಲೀಮಿನ ಹೊತ್ತಿಗೆ ಕಾರಿಡಾರಿನಲ್ಲಿ ನಿನ್ನನ್ನು ಎತ್ತಿಕೊಂಡು ಓಡಾಡಲು ಜನ ಕಳಿಸಿದವರು ಅವರೇ. ಒಂದು ಸಲವೂ ಅದನ್ನು ಎತ್ತಿ ಆಡಿದವರಲ್ಲ. ಆದರೂ ಈ ಸಲ ನಾನು ಹೋಗಲಿಲ್ಲ. ಎಷ್ಟಂತ ಕೈ ಚಾಚುವುದು ಅನ್ನುವ ಬಿಂಕ ಒಂದು. ಕಿವಿ ಹೋದ ಪಿಟೀಲಿನವಳಿಗೆ ವಾದ್ಯವೃಂದದಲ್ಲಿ ಯಾರು ಕುರ್ಚಿ ಕೊಡುತ್ತಾರೆ ಅನ್ನುವ ಭಯ ಇನ್ನೊಂದು.

ಹೋದ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ ಸಂಘದ ಕಡೆಯಿಂದ ಒಬ್ಬ ಹೆಂಗಸು ಬಂದರು, ಬಾಗಿಲು ತುಂಬುವಂಥ ಆಳು. ಇಪ್ಪತ್ತೆರಡು ವರ್ಷ ಕಹಳೆ ಊದಿದವರಂತೆ, ಎಲ್ಲರೂ ಕಹಳೆಯಕ್ಕ ಅಂತಾರೆ. ಅವರು ಪಿಸುಗುಟ್ಟಿದರೂ ಮೂರನೇ ಮಹಡಿಗೆ ಕೇಳಿಸಬೇಕು. ನನ್ನನ್ನು ಏನೂ ಕೇಳಲಿಲ್ಲ. ಕಿಟಕಿ ಪಕ್ಕದ ಅಲ್ಲಾಡುವ ಕುರ್ಚಿಯಲ್ಲಿ ಕೂತು, ತಾವು ವಾರಕ್ಕೊಮ್ಮೆ ನೋಡಿಬರುವ ಎಂಬತ್ತರ ಗಾಯಕರೊಬ್ಬರ ಸುದ್ದಿ ಹೇಳಿದರು. ಅವರಿಗೆ ಮರೆವು. ಪ್ರತಿವಾರ ಇವರನ್ನು ಹೊಸಬಳು ಅಂದುಕೊಂಡು, ಹಾಡು ಕಲೀಬೇಕಂದ್ರೆ ಮೊದಲು ಗಂಟಲು ತಗ್ಗಿಸಮ್ಮ ಅಂತ ಬುದ್ಧಿ ಹೇಳುತ್ತಾರಂತೆ. ಇವರು ಪ್ರತಿವಾರ ಆಗಲಿ ಗುರುಗಳೇ ಅಂದು, ಔಷಧಿ ಕುಡಿಸಿ ಬರುತ್ತಾರಂತೆ. ನಾನು ನಗುತ್ತಾ ಕೂತಿದ್ದೆ. ಕಹಳೆಯಕ್ಕ ಮಾತು ಅರ್ಧಕ್ಕೇ ಬಿಟ್ಟು ಎದ್ದು ಅಡುಗೆಮನೆಗೆ ಹೋದರು. ಚಹಾಕ್ಕೆ ನೀರಿಟ್ಟದ್ದು ನನಗೆ ಆಗ ನೆನಪಾಯಿತು. ಅದು ಸೀಟಿ ಹೊಡೆಯುವ ಕೆಟಲ್. ಎಷ್ಟು ಹೊತ್ತಿನಿಂದ ಹೊಡೆದುಕೊಳ್ಳುತ್ತಿತ್ತೋ, ಅರ್ಧ ನೀರು ಆವಿಯಾಗಿತ್ತು.

ತಾವೇ ಚಹಾ ಮಾಡಿ ತಂದರು. ಕೂತು, ಕೂದಲು ಸರಿಸಿ ತೋರಿಸಿದರು. ಎರಡೂ ಕಿವಿಯಲ್ಲಿ ಕಡಲೆಕಾಳಿನಷ್ಟು ಯಂತ್ರ. ನಾನು ಆರು ವರ್ಷ ಮುಚ್ಚಿಟ್ಟೆ, ನೀನು ಎಷ್ಟು ಅಂತ ಕೇಳಿದರು. ನಾಲ್ಕು ಅಂದೆ. ಪರವಾಗಿಲ್ಲ, ನನಗಿಂತ ಬುದ್ಧಿವಂತೆ ಅಂದರು. ನಾನು ಅತ್ತೆ. ಚಹಾ ಆರಿಹೋಯಿತು, ಇನ್ನೊಮ್ಮೆ ಮಾಡಿದರು. ನೀನಾಗಿ ಹೇಳೋವರೆಗೂ ಈ ಮಾತು ಈ ಕೋಣೆ ದಾಟಲ್ಲ ಅಂದರು, ದಾಟಲೂ ಇಲ್ಲ. ಇಂಥವರು ಇದ್ದಾರೆ ಅನ್ನುವುದಕ್ಕೆ ನನ್ನ ಬದುಕೇ ಸಾಕ್ಷಿ, ಆದರೂ ನಾನೇ ನಂಬಿರಲಿಲ್ಲ ನೋಡು. ಆಸ್ಪತ್ರೆಗೆ ಕರೆದುಕೊಂಡು ಹೋದರು, ಸಂಗೀತಕ್ಕೆಂದೇ ಹೊಂದಿಸಿದ ಯಂತ್ರ ಕೊಡಿಸಿದರು, ಪರೀಕ್ಷೆಯ ಕೋಣೆಯ ಹೊರಗೆ ಎರಡು ಗಂಟೆ ಬೆಂಚಿನ ಮೇಲೆ ಕೂತಿದ್ದರು.

ಜಡೆಯವಳ ಮನೆಗೆ ಹೋಗಿ ಕೈ ಹಿಡಿದುಕೊಂಡೆ. ಅವಳಿಗೆ ಎರಡು ವರ್ಷದಿಂದ ಗೊತ್ತಿತ್ತಂತೆ. ನನಗೆ ಕಾಣಲಿ ಅಂತಲೇ ಕಮಾನನ್ನು ಅಗಲವಾಗಿ ಎತ್ತುತ್ತಿದ್ದಳಂತೆ. ನೊಣ ಮಾತ್ರ ನನ್ನ ಕೈಯಲ್ಲಿರಲಿಲ್ಲ ಅಕ್ಕ ಅಂದಳು. ನಿರ್ದೇಶಕರಿಗೂ ನಿಜ ಹೇಳಿದೆ. ಹಿಂದಿನ ಸಾಲಲ್ಲಿ ಕೂತು ನುಡಿಸಿ, ನೋಡೋಣ ಅಂದಿದ್ದಾರೆ. ಅದು ಆಗದಿದ್ದರೆ ಮಕ್ಕಳಿಗೆ ಕಲಿಸುವ ದಾರಿ ಹುಡುಕೋಣ ಅಂತ ಕಹಳೆಯಕ್ಕ. ಕುರ್ಚಿಯ ಚಿಂತೆ ಈಗ ಅಷ್ಟಿಲ್ಲ.

ಚಿಂತೆ ಬೇರೆಯದು. ನಿನ್ನ ಕಛೇರಿಯ ಧ್ವನಿಮುದ್ರಣ ಮೇಜಿನ ಮೇಲಿದೆ. ಯಂತ್ರ ಬಂದು ನಾಲ್ಕು ದಿನವಾಯಿತು. ಕೆಟಲ್ಲಿನ ಸೀಟಿ ಕೇಳಿಸಿತು, ಬಾಗಿಲು ಕಿರುಗುಟ್ಟುವುದು ಕೇಳಿಸಿತು. ಕೊಳಲಿನ ತೀರ ಮೇಲಿನ ಸ್ವರ ಎಲ್ಲರಿಗೂ ವಾಪಸು ಬರುವುದಿಲ್ಲ, ಬಂದರೂ ತಗಡು ಬಡಿದ ಹಾಗಿರಬಹುದು ಅಂತ ವೈದ್ಯರು ಮೊದಲೇ ಹೇಳಿದ್ದಾರೆ. ಹಾಕಿ ಕೇಳಲು ಧೈರ್ಯ ಸಾಲದು. ಪಿಟೀಲು ಬಿಟ್ಟು ಬೇಕಾದರೆ ಬದುಕಬಲ್ಲೆ. ನೀನು ನುಡಿಸುವುದು ಕೇಳಿಸದೇ ಹೋದರೆ ಏನು ಮಾಡಲಿ ಅಂತ ನನಗೆ ಗೊತ್ತಿಲ್ಲ. ನಿನ್ನ ಕೊಳಲು ನನಗೆ ಅಷ್ಟಕ್ಕಷ್ಟೇ ಅಂದೆಯಲ್ಲ, ಅದೊಂದು ಮಾತು ವಾಪಸು ತಗೋ.

ನಿನ್ನ ಕಿವಿ ಹಿಂಡಿ ಬೆಳೆಸಿ, ಈಗ ತನ್ನ ಕಿವಿ ತಾನೇ ಹಿಂಡಿಕೊಳ್ಳುತ್ತಿರುವ
ಅಮ್ಮ

ತಾ.ಕ.: ಬುಧವಾರ. ಕಾಗದವನ್ನು ಇನ್ನೂ ಅಂಚೆಗೆ ಹಾಕಿರಲಿಲ್ಲ. ಇವತ್ತು ಕಹಳೆಯಕ್ಕ ಬಂದು ಪಕ್ಕದಲ್ಲಿ ಕೂತು ಧ್ವನಿಮುದ್ರಣ ಹಾಕಿದರು. ಮುಗಿಯುವವರೆಗೆ ಒಂದು ಮಾತಾಡಲಿಲ್ಲ, ಅವರಿಗೆ ಅದೆಷ್ಟು ಕಷ್ಟವಾಯಿತೋ. ಮೂರು ಸಲ ಕೇಳಿದೆ. ಎರಡನೇ ಭಾಗದಲ್ಲಿ ಮೇಲೆ ಹತ್ತುವ ಮುಂಚೆ ಉಸಿರು ಕದ್ದಿದ್ದೀಯ. ನಡುವಿನ ಓಟದಲ್ಲಿ ಆತುರ ಜಾಸ್ತಿ. ಕಟ್ಟಕಡೆಯ ಸ್ವರ, ಆ ತೀರ ಮೇಲಿನದು, ಕೂದಲೆಳೆಯಷ್ಟು ಇಳಿದಿದೆ. ಸರಿಮಾಡಿಕೊಂಡು ಮನೆಗೆ ಬಾ.