ಬೇಸಿಗೆಯ ಒಂದು ತಾಸು

ಮಾವ,

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕಡೆ ಈಗ ಎಷ್ಟು ಟೈಮ? ಕ್ಷೇಮಕ್ಕೆ ಟೈಮ ಜೋಡಿಸಿದ್ದನ್ನು ಓದಿ "ಶುರುವಾತು ನೋಡು ಇವಂದು" ಅಂದಿರಬೇಕು ನೀವು. ಏನು ಮಾಡಲಿ? ಬಳ್ಳಾರಿಯ ಪ್ರೆಸ್ಸಿನಲ್ಲಿ ಕೂತು ಲಗ್ನಪತ್ರಿಕೆಗಳಿಗೆ ಪ್ರಾಸ ಹೊಂದಿಸಿ ಹೊಂದಿಸಿ ಮಾತೂ ಹಾಗೇ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಮಾಡಿದ ಬಿ.ಎ.ಗೆ ಇದಕ್ಕಿಂತ ದೊಡ್ಡ ಉಪಯೋಗವನ್ನು ಯಾರೂ ತೋರಿಸಲಿಲ್ಲ. ಇವತ್ತು ಬರೆಯುತ್ತಿರುವುದು ಒಂದು ಸುದ್ದಿ ಹೇಳಲಿಕ್ಕೆ. ಸುದ್ದಿ ನಿಮ್ಮದೇ. ಆದರೆ ಅದು ಜೋರ್ಡಾನ್ ದೇಶ ಸುತ್ತಿಕೊಂಡು ಬಂದಿದೆ, ಸ್ವಲ್ಪ ತಾಳ್ಮೆ ಇರಲಿ.

ಸಿರುಗುಪ್ಪದ ನಿಮ್ಮ ಕೋಣೆ ನೆನಪಾಗುತ್ತದೆ. ಹಗಲೆಲ್ಲ ಹೈಸ್ಕೂಲಿನಲ್ಲಿ ಗಣಿತ, ಸಂಜೆಗೆ ಬಿಟ್ಟಿ ಜಾತಕ. ಯಾರದೋ ಮೊಮ್ಮಗು ಹೊರದೇಶದಲ್ಲಿ ಹುಟ್ಟಿದೆಯೆಂದು ಯಾರಾದರೂ ಬಂದರೆ ನೀವು ಹುಟ್ಟಿದ ಹೊತ್ತನ್ನು ಮೊದಲು ಕೇಳುತ್ತಿರಲಿಲ್ಲ. ಊರು ಯಾವುದು, ತಿಂಗಳು ಯಾವುದು ಎಂದು ಕೇಳುತ್ತಿದ್ದಿರಿ. ಕೆಲವು ದೇಶಗಳಲ್ಲಿ ಬೇಸಿಗೆ ಬಂತೆಂದರೆ ಊರಿಗೂರೇ ಗಡಿಯಾರವನ್ನು ಒಂದು ತಾಸು ಮುಂದೆ ತಳ್ಳುತ್ತದೆ, ಚಳಿಗಾಲಕ್ಕೆ ಹಿಂದೆ ತರುತ್ತದೆ ಅಂತ ನನಗೆ ಮೊದಲು ಹೇಳಿದವರು ನೀವೇ. ನಾನು ನಂಬಿರಲಿಲ್ಲ. "ಹಂಗಾದ್ರ ಸೂರ್ಯ ಏನ್ ಮಾಡ್ತಾನ್ರಿ ಮಾವ?" ಅಂದಿದ್ದೆ. "ಸೂರ್ಯಗ ಸರ್ಕಾರದ ಸುತ್ತೋಲೆ ಹೋಗಂಗಿಲ್ಲ ಲೇ ರಾಘ್ಯಾ. ಅದಕ್ಕ ಆ ಒಂದ್ ತಾಸು ನಾವs ಕಳೀಬೇಕು" ಅಂದಿರಿ. ಕಳೆಯದಿದ್ದರೆ ಲಗ್ನ ಬದಲಾದೀತು, ಲಗ್ನ ಬದಲಾದರೆ ಒಂದೊಂದು ಗ್ರಹವೂ ಪಕ್ಕದ ಮನೆಗೆ ಸರಿದೀತು. ಕುಜ ಯಾವ ಮನೆಯಲ್ಲಿ ಕೂತಿದ್ದಾನೆ ಅನ್ನುವುದರ ಮೇಲೆ ನಮ್ಮ ಕಡೆ ಎಷ್ಟು ಮದುವೆ ನಿಂತಿವೆ, ಎಷ್ಟು ಮುರಿದಿವೆ...

ನಿಮ್ಮ ಜಾತಕವಂತೂ ಸ್ಟಾಫ್‌ರೂಮಿಗೆಲ್ಲ ಬಾಯಿಪಾಠ. "ಎಂಟರಾಗ ಕುಜ, ಒಂಟಿತನ ನಿಜ" ಅಂತ ನೀವೇ ಹಾಡಿಕೊಂಡು ತಿರುಗುತ್ತಿದ್ದಿರಿ. ಪ್ರಾಸದ ಚಟ ನನಗೆ ಬಂದದ್ದು ಯಾರಿಂದ ಅಂತ ಬೇರೆ ಹೇಳಬೇಕೆ? ಅಮ್ಮ ಹೇಳುತ್ತಿದ್ದಳು: ಸಮಾಜ ಪಾಠ ಮಾಡುತ್ತಿದ್ದ ವಿಮಲಾ ಟೀಚರ್ ಜೊತೆ ನಿಮಗೆ ಮದುವೆ ಮಾಡಿಸಬೇಕೆಂದು ಹೆಡ್‌ಮಾಸ್ತರರೇ ಮಾತು ತೆಗೆದಿದ್ದರಂತೆ. ಟೀಚರ್ ಮನೆಯಲ್ಲೂ ಒಪ್ಪಿಗೆಯಿತ್ತಂತೆ. ನೀವು ಮಾತ್ರ, ಎಂಟನೇ ಮನೆಯ ಕುಜ ಹೆಂಡತಿಯನ್ನು ಉಳಿಸುವುದಿಲ್ಲ, ಗೊತ್ತಿದ್ದೂ ಗೊತ್ತಿದ್ದೂ ಒಂದು ಜೀವ ತೆಗೆಯಲಾರೆ ಅಂದುಬಿಟ್ಟಿರಿ. ಹುಟ್ಟಿದ ಹೊತ್ತು ತಪ್ಪಿರಬಹುದಲ್ಲ ಎಂದು ಅಮ್ಮ ಕೇಳಿದರೆ ಸಿಟ್ಟು. "ನಮ್ಮಪ್ಪ ಪೋಸ್ಟ್ ಆಫೀಸಿನ ಗಡಿಯಾರಕ್ಕ ಹೊಂದಿಸಿದ ವಾಚಿನಾಗ ನೋಡಿ ಬರೆದಾನ. ಒಂದ್ ನಿಮಿಷ ಹೆಚ್ಚುಕಡಿಮಿ ಇಲ್ಲ." ಟೀಚರ್ ಕುರುಗೋಡಿನ ಒಬ್ಬ ಬ್ಯಾಂಕಿನವರನ್ನು ಮದುವೆಯಾದರು. ನೀವು ಅವರ ಮದುವೆಯಲ್ಲಿ ಊಟ ಬಡಿಸಿದಿರಂತೆ, ಎರಡೆರಡು ಸಲ ಕೇಳಿ.

ಹೋದ ತಿಂಗಳು ಅದೇ ವಿಮಲಾ ಟೀಚರ್ ಕುರುಗೋಡಿನ ಬಸ್ಸಿಳಿದು ಪ್ರೆಸ್ಸಿಗೆ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿದೆ, ದನಿ ಮಾತ್ರ ಹಿಂದಿನ ಬೆಂಚಿಗೂ ಕೇಳಿಸುವಂಥದ್ದೇ. "ಲೇ ರಾಘ್ಯಾ, ನಿಮ್ಮ ಮಾವ ನಿನಗ ಲೆಕ್ಕ ಕಲಿಸ್ಯಾನೋ, ಬರೇ ಪ್ರಾಸನೋ?" ಅವರ ಮೊಮ್ಮಗಳು ರೂಪಾಗೆ ನಮ್ಮ ಸಿರುಗುಪ್ಪ ತಾಲೂಕಿನ ಕರೂರಿನ ಹುಡುಗ ಗೊತ್ತಾಗಿದ್ದ. ಸಿರುಗುಪ್ಪದ ಒಂದೇ ಶಾಲೆಯಲ್ಲಿ ಇಬ್ಬರೂ ಟೀಚರುಗಳು, ತಾವೇ ಮೆಚ್ಚಿಕೊಂಡವರು. ಆದರೆ ಹುಡುಗನ ದೊಡ್ಡಪ್ಪ ಜಾತಕ ಹಾಕಿ, ಹುಡುಗಿಗೆ ನಾಲ್ಕನೇ ಮನೆಯಲ್ಲಿ ಕುಜ, ಈ ಸಂಬಂಧ ಬೇಡ ಅಂದಿದ್ದರು. ರೂಪಾ ಊಟ ಬಿಟ್ಟಿದ್ದಳು. "ಕುಜನ ಸಲುವಾಗಿ ಇನ್ನೊಮ್ಮೆ ಮುರೀಬಾರದು ನೋಡಪ್ಪ" ಅಂದರು ಟೀಚರ್. ಆ 'ಇನ್ನೊಮ್ಮೆ'ಯನ್ನು ನಾನು ಹಾಗೇ ದಾಟಿದೆ. ಹುಟ್ಟಿದ್ದೆಲ್ಲಿ ಎಂದು ಕೇಳಿದೆ. ಜೋರ್ಡಾನಿನ ಅಮ್ಮಾನ್‌ನಲ್ಲಂತೆ. ಆಗ ಟೀಚರ್ ಮಗ ಅಲ್ಲಿನ ಬಟ್ಟೆ ಕಾರ್ಖಾನೆಯಲ್ಲಿ ಗುಮಾಸ್ತ. ತಿಂಗಳು ಯಾವುದು? ಜುಲೈ. ನನಗೆ ಅಲ್ಲಿಗೇ ಅರ್ಧ ಲೆಕ್ಕ ಮುಗಿದಿತ್ತು.

ಕುರುಗೋಡಿನ ಟೀಚರ್ ಮನೆಗೆ ಮುಂದಿನ ಭಾನುವಾರ ದೊಡ್ಡಪ್ಪನವರನ್ನು ಕರೆಸಿದೆವು. ಒಳ್ಳೆಯ ಮನುಷ್ಯ, ಭತ್ತದ ಗದ್ದೆ ಬಿಟ್ಟರೆ ಪಂಚಾಂಗವೇ ಪ್ರಪಂಚ. ಆಸ್ಪತ್ರೆಯವರು ಬರೆದದ್ದು ಬೆಳಿಗ್ಗೆ ಎಂಟೂ ನಲವತ್ತು. ಅಮ್ಮಾನ್‌ಗೂ ನಮಗೂ ಮೂರೂವರೆ ತಾಸಿನ ಅಂತರವೆಂದು ಇವರು ಕೂಡಿಸಿ ನಮ್ಮ ಹನ್ನೆರಡೂ ಹತ್ತಕ್ಕೆ ಜಾತಕ ಹಾಕಿದ್ದರು. ಅದು ಚಳಿಗಾಲದ ಅಂತರ. ಜುಲೈಯಲ್ಲಿ ಅಲ್ಲಿಯ ಗಡಿಯಾರ ಒಂದು ತಾಸು ಮುಂದಿತ್ತು, ಹಾಗಾಗಿ ಎರಡೂವರೆ ತಾಸಷ್ಟೇ ಕೂಡಿಸಬೇಕು, ನಮ್ಮಲ್ಲಿ ಆಗ ಹನ್ನೊಂದೂ ಹತ್ತು ಅಂದೆ.

"ಅಂದ್ರ ಆಸ್ಪತ್ರಿ ಗಡಿಯಾರ ಸುಳ್ಳು ಹೇಳ್ತೈತೇನ್ರಿ?"

"ಸುಳ್ಳಲ್ರಿ. ಬ್ಯಾಸಿಗಿ ಬಂದ್ರ ಹಂಗ ಹೇಳು ಅಂತ ಸರ್ಕಾರನs ಅದಕ್ಕ ಹೇಳಿರತೈತಿ."

"ನಮ್ಮ ತಲಿ ಕೆಡಸಬ್ಯಾಡ್ರಿ. ಹುಟ್ಟಿದ ಹೊತ್ತು ಅಂದ್ರ ಹುಟ್ಟಿದ ಹೊತ್ತು."

ಆಗ ಟೀಚರ್ ಬಾಯಿ ಹಾಕಿದರು. "ನಿಲ್ರಿ ಒಂದ್ ನಿಮಿಷ. ಕೂಸು ಹುಟ್ಟಿದ ಕೂಡಲೇ ನನ್ನ ಮಗ ಸಾಲಿಗೆ ಫೋನ್ ಮಾಡಿದ್ದ. ಹೆಡ್‌ಮಾಸ್ತರ ಕೋಣ್ಯಾಗ ನಾನs ಮಾತಾಡೀನಿ. ಹೊರಗ ಬಂದು ಒಂಬತ್ತನೇ ಕ್ಲಾಸಿಗೆಲ್ಲ ಪೆಪ್ಪರಮೆಂಟು ಹಂಚಿದೆ. ಅದಾದ ಮ್ಯಾಲೆ ಹನ್ನೆರಡರ ಊಟದ ಬೆಲ್ಲಾತು."

ನಾನು ದೊಡ್ಡಪ್ಪನವರ ಕಡೆ ತಿರುಗಿದೆ. "ನಿಮ್ಮ ಲೆಕ್ಕದಾಗ ಕೂಸು ಹುಟ್ಟಿದ್ದು ಹನ್ನೆರಡೂ ಹತ್ತಕ್ಕ. ಅಂದ್ರ ಹುಟ್ಟೂದಕ್ಕಿಂತ ಮದ್ಲs ಫೋನ್ ಬಂದೈತ್ರಿ, ಪೆಪ್ಪರಮೆಂಟೂ ಹಂಚಿ ಆಗೈತ್ರಿ."

ಅವರು ನನ್ನನ್ನೊಮ್ಮೆ, ಟೀಚರನ್ನೊಮ್ಮೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದು ನಗಲಿಕ್ಕೆ ಹತ್ತಿದರು. "ಅಲ್ಲಲೇ, ನಾನು ಹುಟ್ಟದ ಕೂಸಿಗೆ ಜಾತಕ ಹಾಕೀನೇನು!" ಸರಿಯಾದ ಹೊತ್ತಿಗೆ ಮತ್ತೆ ಹಾಕಿದರೆ ಕುಜ ಐದನೇ ಮನೆಯಲ್ಲಿ ಸುಮ್ಮನೆ ಕೂತಿದ್ದ. ಬಾಗಿಲ ಹಿಂದೆ ಯಾರೋ ಮೂಗು ಒರೆಸಿಕೊಂಡ ಸದ್ದಾಯಿತು. "ಇನ್ನಾದ್ರೂ ಹೊರಗ ಬಂದು ಒಂದ್ ತುತ್ತು ಉಣ್ಣವಾ" ಅಂದರು ದೊಡ್ಡಪ್ಪ.

ಅವರು ಬಸ್ಸಿಗೆ ಹೋದ ಮೇಲೆ ಟೀಚರ್ ಎರಡು ಲೋಟ ಚಹಾ ತಂದು ಎದುರು ಕೂತರು. "ನೀ ಹೇಳಿದ್ದನ್ನ ನಾ ಯಾಕ ಕೂಡಲೇ ನಂಬಿದೆ ಗೊತ್ತೈತೇನು? ನಮ್ಮ ದೇಶದಾಗೂ ಒಮ್ಮೆ ಹಂಗ ಮಾಡಿದ್ರು. ಎರಡನೇ ಮಹಾಯುದ್ಧದಾಗ. ಬರೇ ಬ್ಯಾಸಿಗಿಗಲ್ಲ, ವರ್ಷಗಟ್ಟಲೆ ಗಡಿಯಾರ ಒಂದ್ ತಾಸು ಮುಂದ ಇತ್ತು. ಪೋಸ್ಟ್ ಆಫೀಸು, ಕಚೇರಿ, ರೇಲ್ವೆ ಎಲ್ಲಾ ಅದs ಟೈಮು. ನಮ್ಮಪ್ಪ ಬೈಕೊಂತ..."

ಮಾತು ಅಲ್ಲಿಗೇ ನಿಂತಿತು. ನಿಲ್ಲಿಸಿದ್ದು ಅವರೋ, ನನ್ನ ಮುಖವೋ.

"ನಿಮ್ಮ ಮಾವ ಹುಟ್ಟಿದ್ದು ಯುದ್ಧದಾಗನ ಅಲ್ಲೇನು?"

"ಹೌದ್ರಿ ಟೀಚರ್."

"ಪೋಸ್ಟ್ ಆಫೀಸಿನ ಗಡಿಯಾರ ಅಂತಿದ್ದ."

"ಹೌದ್ರಿ."

"ಲೆಕ್ಕ ಹಾಕು."

ಮಾವ, ಊರವರ ಕೂಸುಗಳಿಗೆಲ್ಲ ಆ ಒಂದು ತಾಸನ್ನು ಕಳೆದು ಕೊಟ್ಟವರು ನೀವು. ನಿಮ್ಮದಕ್ಕೆ ಮಾತ್ರ ಕಳೆಯಬೇಕೆಂದು ಹೊಳೆಯಲೇ ಇಲ್ಲವೆ? ಅಪ್ಪ ಬರೆದದ್ದೆಂಬ ಗೌರವವೋ? ಗಡಿಯಾರ ತಳ್ಳುವವರು ಹೊರದೇಶದವರು ಮಾತ್ರ ಅನ್ನುವ ನಂಬಿಕೆಯೋ? ಅಥವಾ ಹೊಳೆಯುವ ಹೊತ್ತಿಗೆ ಟೀಚರ್ ಮದುವೆಯ ಊಟ ಬಡಿಸಿಯಾಗಿತ್ತೋ... ಇದಕ್ಕೆ ಉತ್ತರ ಬರುವುದಿಲ್ಲವೆಂದು ಗೊತ್ತು. ಫೋನಿನಲ್ಲಿ ಲೆಕ್ಕ ಹಾಕಿದೆ. ಚಹಾದ ಮೇಲೆ ಕೆನೆ ಕಟ್ಟುವವರೆಗೆ ಟೀಚರ್ ಕಾದರು.

"ಎಂಟರಾಗಿಲ್ರಿ. ಒಂಬತ್ತಕ್ಕ ಬರ್ತಾನ. ದೋಷ ಇಲ್ಲ."

ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಅಂದ್ರ ನಾ ಸಾಯ್ತಿದ್ದಿಲ್ಲ ಅನ್ನು" ಅಂದರು. ಅಂದು ನಕ್ಕರು. ಚೆನ್ನಾಗಿಯೇ ನಕ್ಕರು ಮಾವ, ಅದರಲ್ಲಿ ಕಹಿ ಇರಲಿಲ್ಲ. "ನಮ್ಮ ಯಜಮಾನ್ರು ಚಲೋ ಮನುಷ್ಯ. ನನಗೇನೂ ಕಡಿಮಿ ಆಗಿಲ್ಲ. ಆದ್ರೂ ನೋಡು, ನಿಮ್ಮ ಮಾವ..." ಅಷ್ಟೇ. ಮುಂದಿನದನ್ನು ಚಹಾದ ಜೊತೆ ಕುಡಿದುಬಿಟ್ಟರು.

ಹೋದ ವಾರ ರೂಪಾಳ ಲಗ್ನಪತ್ರಿಕೆಯ ಕರಡು ನೋಡಲಿಕ್ಕೆ ಬಂದಿದ್ದರು. ಅವಳ ಸೋದರಮಾವನೂ ಅದೇ ಕಾರ್ಖಾನೆಗೆ ಹೋದವನು, ಈಗಲೂ ಅಮ್ಮಾನ್‌ನಲ್ಲಿದ್ದಾನೆ, ಮುಹೂರ್ತವನ್ನು ಫೋನಿನಲ್ಲೇ ನೋಡುತ್ತಾನೆ, ಅವನಿಗಾಗಿ ಅಲ್ಲಿಯ ವೇಳೆಯನ್ನೂ ಅಚ್ಚು ಹಾಕಬೇಕು. ನೀವು ಹೋದ ಮೇಲೆ ಆದದ್ದು ಇದು, ನಿಮಗೆ ಗೊತ್ತಿರಲಿಕ್ಕಿಲ್ಲ: ಜೋರ್ಡಾನಿನವರು ಗಡಿಯಾರವನ್ನು ಹಿಂದಕ್ಕೆ ತರುವುದನ್ನೇ ನಿಲ್ಲಿಸಿದ್ದಾರೆ. ಈಗ ವರ್ಷವಿಡೀ ಎರಡೂವರೆ ತಾಸು. ಅವರಿಗೆ ಬೇಸಿಗೆಯೇ ಕಾಯಂ. ಹಾಗಂತ ನಾನು ಕೇಳುವುದನ್ನು ಬಿಡುವುದಿಲ್ಲ. ಯಾರ ಜಾತಕ ಬಂದರೂ ಊರು, ತಿಂಗಳು ಕೇಳುತ್ತೇನೆ, ಯುದ್ಧವಿತ್ತೋ ಎಂದೂ ಕೇಳುತ್ತೇನೆ. ಇದು ನಿಮಗೆ ಕೊಡುವ ಮಾತು. ಒಂಬತ್ತರ ಕುಜನಿಗೆ ಮಾತ್ರ ಇನ್ನೂ ಪ್ರಾಸ ಹೊಂದಿಲ್ಲ. ಎಂಟರದ್ದು ನಿಮಗೆ ಎಷ್ಟು ಬೇಗ ಹೊಂದಿತ್ತು.

ಟೀಚರ್ ಕರಡಿನ ಮೇಲೆ ಬೆರಳಿಟ್ಟರು, ಅಗಲಿದ ಹಿರಿಯರ ಆಶೀರ್ವಾದ ಅನ್ನುವ ಕಡೆ. ಅಲ್ಲಿ ಅವರ ಯಜಮಾನರ ಹೆಸರಿತ್ತು.

"ಇದರ ಕೆಳಗ ನಿಮ್ಮ ಮಾವನ ಹೆಸರು ಹಾಕು."

"ಹೆಸರಿನ ಮುಂದ ಏನ್ ಸಂಬಂಧ ಅಂತ ಹಾಕ್ಲಿ ಟೀಚರ್?"

"ಬರೇ ಹೆಸರು ಹಾಕು. ಸಂಬಂಧ ಕೇಳಿದವ್ರಿಗೆ ನಾನs ಹೇಳ್ತೀನಿ."

ಹಾಕಿದ್ದೇನೆ ಮಾವ. ಅವರ ಯಜಮಾನರ ಹೆಸರಿನ ಕೆಳಗೆ, ಒಂದು ಸಾಲಿನ ಜಾಗ ಬಿಟ್ಟು.

ನಿಮ್ಮ
ರಾಘು