ನಿನ್ನ ದೂರು ಮತ್ತೆ ತೆರೆಯಿತು

ಕುಮಾಸಿ,
ಮಾರ್ಚ್ ೧೪, ಶನಿವಾರ

ಪ್ರೀತಿಯ ತಮ್ಮ ಒವುರಾಕು,

ಹೇಗಿದ್ದೀಯೋ? ಬಂದರಿನ ಗಾಳಿಗೆ ಕೆಮ್ಮು ಹೆಚ್ಚಾಯಿತೋ, ಕಡಿಮೆಯಾಯಿತೋ? ತಕೊರಾಡಿಯಲ್ಲಿ ತಾಜಾ ಮೀನು ಸಿಗುತ್ತದೆಂದು ಮೂರು ಹೊತ್ತೂ ಹುರಿದದ್ದನ್ನೇ ತಿನ್ನಬೇಡ. ಅಮ್ಮ ಚೆನ್ನಾಗಿದ್ದಾಳೆ; ಮಂಡಿನೋವು ಅನ್ನುತ್ತಲೇ ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಕುಣಿಯುತ್ತಾಳೆ. ಇನ್ನು ಸುದ್ದಿ. ಗೆದ್ದೆವು ಕಣೋ, ಗೆದ್ದೇಬಿಟ್ಟೆವು!

ನಮ್ಮ ಹೆರಿಗೆ ಆಸ್ಪತ್ರೆಯ ಆ ಪುಕ್ಕಟೆ ತಂತ್ರಾಂಶ, ದೇಶದೇಶದ ಸ್ವಯಂಸೇವಕರು ಸೇರಿ ಕಟ್ಟಿದ್ದು, ಕರೆಂಟು ಹೋದರೆ ತಾಯಂದಿರ ರಕ್ತದ ಗುಂಪನ್ನೇ ನುಂಗುತ್ತದೆಂದು ನೀನು ಅವರ ಬಗ್ ಟ್ರ್ಯಾಕರಿನಲ್ಲಿ, ಆ ದೋಷಗಳ ಪಟ್ಟಿಯಲ್ಲಿ, ದೂರು ಹಾಕಿದ್ದೆಯಲ್ಲ. ‘ನಮ್ಮಲ್ಲಿ ಹಾಗಾಗುತ್ತಿಲ್ಲ’ ಎಂದು ಅವರು ಮುಚ್ಚಿದರು. ಅವರೂರಲ್ಲಿ ಕರೆಂಟೇ ಹೋಗುವುದಿಲ್ಲ, ಆಗುವುದಾದರೂ ಹೇಗೆ! ದೂರು ಮುಚ್ಚುವ, ಮುಚ್ಚಿದ್ದನ್ನು ತೆರೆಯುವ ಅಧಿಕಾರ ಆಸ್ಪತ್ರೆಯ ನಮ್ಮ ಗುಂಪಿನಲ್ಲಿ ನಿನಗೊಬ್ಬನಿಗೇ ಇತ್ತು. ನೀನೋ ಧಾರಾಳಿ. ವಠಾರದ ನಲ್ಲಿಯ ಹಾಗೆ ನಿನ್ನ ಪಾಸ್‌ವರ್ಡನ್ನು ಎಲ್ಲರಿಗೂ ಬಿಟ್ಟುಕೊಟ್ಟೆ. ನಮ್ಮಲ್ಲೇ ಯಾರೋ ಪಟ್ಟಿ ಚೊಕ್ಕ ಮಾಡಲು ಹೋಗಿ ಬೇರೆ ದೇಶದವರ ದೂರುಗಳನ್ನೂ ಮುಚ್ಚಿಹಾಕಿದರು. ತಂತ್ರಾಂಶದವರು ನಿನ್ನ ಅಧಿಕಾರ ಕಿತ್ತುಕೊಂಡರು. ‘ನನ್ನ ಹೆಸರು ಹಾಳಾಯ್ತಕ್ಕ’ ಅಂದು ನೀನು ಆಸ್ಪತ್ರೆ ಬಿಟ್ಟು ಬಂದರಿನ ಕೆಲಸಕ್ಕೆ ಹೊರಟೇಹೋದೆ. ಆಮೇಲೆ ನಾವು ಎಷ್ಟು ಸಲ ಹೊಸದಾಗಿ ಬರೆದರೂ ‘ಇದು ಹಳೆಯದು’ ಎಂದು ಮುಚ್ಚುವುದೇ ಆಯಿತು.

ಹೋದ ತಿಂಗಳು ಬಿರಾಗೊ ಎಂಬ ಬಾಣಂತಿಗೆ ರಕ್ತಸ್ರಾವ ನಿಲ್ಲಲಿಲ್ಲ, ಕಂಪ್ಯೂಟರಿನಲ್ಲಿ ಅವಳ ರಕ್ತದ ಗುಂಪು ಖಾಲಿ. ಮತ್ತೆ ಪರೀಕ್ಷೆ ಮಾಡಿಸುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಉಳಿದಳು, ದೇವರ ದಯೆ. ಆ ಸಿಟ್ಟಿನಲ್ಲೇ ತಂತ್ರಾಂಶದವರ ತಿಂಗಳ ಸಭೆಗೆ ಫೋನಿನಲ್ಲಿ ನುಗ್ಗಿದೆ. ಟ್ರ್ಯಾಕರ್ ನೋಡಿಕೊಳ್ಳುವ ಲಿಸ್‌ಬೆತ್, ‘ಮುಖಾನೇ ನೋಡದವರ ಕೈಗೆ ಅಧಿಕಾರ ಹೇಗಮ್ಮ ಕೊಡೋದು?’ ಅಂದಳು. ‘ಹೊಸ ನರ್ಸ್ ಕೈಗೆ ಔಷಧಿ ಕಪಾಟಿನ ಕೀಲಿ ಮೊದಲನೇ ದಿನ ನಾವೂ ಕೊಡಲ್ಲ. ಹಾಗಂತ ಹತ್ತಿ ಡಬ್ಬಕ್ಕೂ ಬೀಗ ಹಾಕ್ತೀವೇನ್ರೀ?’ ಅಂದೆ. ಸರಿಯಾಗಿ ದೂರು ಬರೆದವರಿಗೆ ಮುಚ್ಚಿದ್ದನ್ನು ತೆರೆಯುವಷ್ಟು ಅಧಿಕಾರ ಕೊಡಿ, ಅವರವರ ಹೆಸರಿನಲ್ಲೇ ಕೊಡಿ. ಮುಚ್ಚುವ, ಅಳಿಸುವ ಅಧಿಕಾರ ನಂಬಿಕೆ ಬಂದ ಮೇಲಾಗಲಿ ಎಂದೆ. ಫೋನಿನ ಕ್ಯಾಮೆರಾವನ್ನು ವಾರ್ಡಿನ ಕಂಪ್ಯೂಟರಿನ ಕಡೆ ತಿರುಗಿಸಿ ತೋರಿಸುತ್ತಿದ್ದೆ ನೋಡು, ಪಟಕ್ಕನೆ ಕರೆಂಟು ಹೋಯಿತು! ಬಂದಾಗ ರಕ್ತದ ಗುಂಪಿನ ಜಾಗ ಬೋಳು, ಎಲ್ಲರ ಕಣ್ಣೆದುರಿಗೇ. ಕರೆಂಟು ಹೋದದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು.

ನಮ್ಮ ಆರು ಮಂದಿಗೂ ಅಧಿಕಾರ ಬಂತು. ನಿನ್ನ ಹಳೆಯ ದೂರನ್ನು ನನ್ನ ಕೈಯಾರೆ ತೆರೆದೆ. ಅದೇ ವಾರ ದೋಷ ಸರಿಯಾಯಿತು. ‘ಮೊದಲು ಕಂಡುಹಿಡಿದವರು’ ಎಂದು ನಿನ್ನ ಹೆಸರನ್ನೇ ಹಾಕಿದ್ದಾರೆ. ನಮ್ಮ ನರ್ಸ್ ಅಬೆನಾ ವಾರ್ಡಿನ ನಡುವೆ ಕುಣಿದು, ‘ನಿನ್ನ ತಮ್ಮ ಮೂತಿ ಊದಿಸ್ಕೊಂಡಿದ್ದು ಸಾಕು ಅನ್ನೇ’ ಅಂದಳು. ನನಗೆ ಮಾತ್ರ ಅಳು ಬಂತು.

ಅಮ್ಮ ದಿನಾ ನಿನ್ನ ಹೆಸರೆತ್ತಿ ಪ್ರಾರ್ಥಿಸುತ್ತಾಳೆ. ಮೈ ಕಡೆ ಜೋಪಾನ.

ನಿನ್ನ ಅಕ್ಕ,
ದುಫಿಯೆ

ಮರೆತೆ ನೋಡು: ನಮ್ಮ ಗುಂಪಿನಲ್ಲಿ ಅಧಿಕಾರ ಕೊಡುವ, ಹಿಂತೆಗೆಯುವ ಜವಾಬ್ದಾರಿ ಯಾರಿಗೆ ಎಂದು ಲಿಸ್‌ಬೆತ್ ಕೇಳಿದಾಗ ಆರು ಬಾಯಲ್ಲೂ ನಿನ್ನ ಹೆಸರೇ ಬಂತು. ‘ಒಬ್ಬನಿಗೇ ಕೊಟ್ಟು ಕೂತಿದ್ದು ನಮ್ಮ ತಪ್ಪು’ ಎಂದು ಅವಳೇ ಒಪ್ಪಿದಳು. ಅದರ ಆಹ್ವಾನ ನಿನ್ನ ಮೇಲ್‌ಗೆ ಬಂದಿದೆ, ಒಪ್ಪಲು ಗುರುವಾರದವರೆಗೆ ಮಾತ್ರ ಸಮಯ. ಸಿಟ್ಟಿನಲ್ಲಿ ನೀನು ಅದನ್ನು ತೆರೆಯುವುದಿಲ್ಲವೆಂದು ಗೊತ್ತಿದ್ದೇ ಈ ಪತ್ರವನ್ನು ಬಸ್ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಈಗಲೇ ಒಪ್ಪಿಕೋ. ಪಾಸ್‌ವರ್ಡ್ ಮಾತ್ರ ಯಾರಿಗೂ ಹೇಳಬೇಡ ಮಾರಾಯ, ನಾನೇ ಕೇಳಿದರೂ!