ಫ್ರಿಜ್ಜಿನಲ್ಲಿಟ್ಟ ಗಂಡು ಹೂ

ಭಾನುವಾರ, ಬೆಳಗ್ಗೆ

ಪ್ರೀತಿಯ ಮಗಳೇ,

ನಿನ್ನ ಮಾವನ ಆಶೀರ್ವಾದಗಳು. ನಿಮ್ಮಮ್ಮನ ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಅಂತ ನಾನು ಹೇಳಿದೆನೆಂದು ಹೇಳು. ಹೇಳಿದರೆ ಕೇಳುವವರಲ್ಲ, ಆದರೂ ಹೇಳು. ನಿನ್ನ ತಮ್ಮ ಗುಂಡ ಕ್ಷೇಮವೇ? ಅವನ ಮಗಳು ಪಟಾಕಿಗೆ ಮುಂದಿನ ಹಲ್ಲು ಬಂತೇ? ಪಾಪ, ನಮ್ಮ ಮನೆಯ ದುಃಖದಲ್ಲಿ ಆ ಮಗುವಿನ ಹುಟ್ಟುಹಬ್ಬವೇ ನಿಂತುಹೋಯಿತು. ಕೊನೆಗೆ ನಿನ್ನನ್ನು ಹೇಗಿದ್ದೀಯ ಎಂದು ಕೇಳಬೇಕು. ಅಷ್ಟು ಧೈರ್ಯ ನನಗಿಲ್ಲ. ಊಟ ಮಾಡುತ್ತಿದ್ದೀಯಾ ಎಂದಷ್ಟೇ ಕೇಳುತ್ತೇನೆ.

ಫೋನು ಮಾಡಿದಾಗಲೆಲ್ಲ ನೀನು ನಿಮ್ಮಮ್ಮನ ಕೈಗೆ ಕೊಟ್ಟು ಎದ್ದು ಹೋಗುತ್ತೀ. ತಪ್ಪಲ್ಲ ಬಿಡು. ಅದಕ್ಕೇ ಈ ಕಾಗದ. ಅಂಗಡಿಗೆ ಕಟಿಂಗ್‌ಗೆ ಬಂದವರು ಓದಿ ಬಿಟ್ಟ ಪೇಪರಿನಿಂದ ಕಲಿತ ಅಕ್ಷರ, ಒತ್ತು ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಇಲ್ಲಿ ನಾವಿಬ್ಬರೂ ಇದ್ದೇವೆ. ನಮ್ಮ ಮಗನ ಸ್ಕ್ರೂಡ್ರೈವರ್ ಚೀಲವನ್ನು ಬಾಗಿಲ ಬಳಿಯಿಂದ ತೆಗೆಯಲು ನಿನ್ನ ಅತ್ತೆ ಬಿಡುವುದಿಲ್ಲ. ದಿನಾ ಇಬ್ಬರೂ ಎಡವುತ್ತೇವೆ, ಎಡವಿದವರೇ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತೇವೆ. ಅವನ ಫೋನಿಗೆ ಈಗಲೂ ಕರೆ ಬರುತ್ತದೆ, ಫ್ರಿಜ್ ಕೆಟ್ಟಿದೆ, ಐಸ್ ಆಗ್ತಿಲ್ಲ, ಯಾವಾಗ ಬರ್ತೀರಿ ಎಂದು. ಮೊದಮೊದಲು ನಿಜ ಹೇಳುತ್ತಿದ್ದೆ. ಆ ಕಡೆಯವರು ತಬ್ಬಿಬ್ಬಾಗಿ ನನ್ನ ಬಳಿ ಕ್ಷಮೆ ಕೇಳುವುದನ್ನು ಕೇಳಲಾಗದೆ ಈಗ, ಬೇರೆ ಯಾರನ್ನಾದರೂ ನೋಡಿಕೊಳ್ಳಿ, ಅವನಿಗೆ ಪುರುಸೊತ್ತಿಲ್ಲ ಎನ್ನುತ್ತೇನೆ.

ಇನ್ನು ಗಿಡದ ಸಮಾಚಾರ. ಅದರ ಹೆಸರೆತ್ತಿದರೆ ನಿನಗೆ ಸಂಕಟವಾಗುತ್ತದೆಂದು ಗೊತ್ತು. ಆದರೂ ಕಾಗದವನ್ನು ಅರ್ಧಕ್ಕೆ ಮಡಿಸಬೇಡ ತಾಯಿ. ಹೇಳಬೇಕಾದ್ದೆಲ್ಲ ಅದರ ಬುಡದಲ್ಲೇ ಇದೆ.

ಬಾಲ್ಕನಿಯ ಡ್ರಮ್ಮಿನಲ್ಲಿ ಅವನು ಜುಕಿನಿ ನೆಟ್ಟಾಗ ನಿನ್ನ ಅತ್ತೆ, ಸೌತೆಯೂ ಅಲ್ಲ ಸೋರೆಯೂ ಅಲ್ಲ, ಈ ಅಡ್ನಾಡಿ ಕಾಯಿ ಯಾಕೋ ಎಂದಿದ್ದಳಲ್ಲ. ಹೂವೇನೋ ಬೊಗಸೆ ತುಂಬುವಂತೆ ಬಿಟ್ಟವು. ಹೆಣ್ಣು ಹೂವಿನ ಹಿಂದೆ ಕಿರುಬೆರಳಿನಂಥ ಕಾಯಿ. ಇನ್ನೇನು ಬಲಿಯುತ್ತದೆ ಅನ್ನುವಷ್ಟರಲ್ಲಿ ತುದಿಯಿಂದ ಹಳದಿಯಾಗಿ, ಮೆತ್ತಗಾಗಿ, ಉದುರಿಹೋಗುತ್ತಿತ್ತು. ನಾನು ನೀರು ಹೆಚ್ಚಾಯಿತು ಎಂದೆ. ನಿನ್ನ ಅತ್ತೆ ಎದುರುಮನೆಯವಳ ಕಣ್ಣು ಬಿತ್ತು ಎಂದಳು. ಅವನು ಪಾರಿವಾಳ ಬಾರದಂತೆ ನಾವು ಕಟ್ಟಿದ ಬಲೆಯನ್ನು ತೋರಿಸಿ, “ಜೇನುಹುಳ ಒಳಗೆ ಬರೋದೆಲ್ಲಿಂದ? ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಮುಟ್ಟಿಸೋರೇ ಇಲ್ಲ. ಇನ್ಮೇಲೆ ನಾವೇ ಜೇನುಹುಳ” ಎಂದ.

ನಾನು ದೊಡ್ಡ ಜಾಣನಂತೆ ಅಂಗಡಿಯಿಂದ ಮೆತ್ತನೆ ಬ್ರಷ್ಷು ತಂದೆ, ಗಿರಾಕಿಗಳ ಕುತ್ತಿಗೆಯ ಕೂದಲು ಒರೆಸುವುದು. ಒಂದೂ ಬಿಡದೆ ಹೂವಿಗೆಲ್ಲ ಸವರಿದೆ. ಆ ಕಾಯಿಗಳೂ ಕೊಳೆತವು. ಅವನು ಬ್ರಷ್ಷನ್ನು ಅಂಗೈಗೆ ಕೊಡವಿ ನೋಡಿದರೆ ಬರೀ ಟಾಲ್ಕಂ ಪೌಡರು. “ಅಪ್ಪಾ, ಹೂವಿಗೂ ಪೌಡರ್ ಹಚ್ಚಿದ್ದೀಯಲ್ಲೋ! ಕಟಿಂಗಾ ಶೇವಿಂಗಾ ಅಂತನೂ ಕೇಳಿದ್ಯಾ?” ಎಂದಾಗ ನೀನು ನಗು ತಡೆಯಲಾರದೆ ಹೊಸ್ತಿಲಲ್ಲೇ ಕುಳಿತುಬಿಟ್ಟೆ. ಈ ಮನೆಯಲ್ಲಿ ನಾವು ನಾಲ್ವರೂ ಒಟ್ಟಿಗೆ ನಕ್ಕಿದ್ದು ಅದೇ ಕೊನೆ ಅನ್ನಿಸುತ್ತದೆ.

ಆಮೇಲಿನ ಫಜೀತಿ ನಿನಗೆ ಗೊತ್ತೇ ಇದೆ. ಗಂಡು ಅರಳಿದ ದಿನ ಹೆಣ್ಣು ಮೊಗ್ಗು, ಹೆಣ್ಣು ಅರಳುವ ಹೊತ್ತಿಗೆ ಗಂಡು ಬಾಡಿ ಬಿದ್ದಿರುತ್ತಿತ್ತು. ಫ್ರಿಜ್ ರಿಪೇರಿಯವನಿಗೆ ಹೊಳೆಯುವುದೇನು, ಫ್ರಿಜ್ಜೇ. ಗಂಡು ಹೂವನ್ನು ಕಿತ್ತು, ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿಟ್ಟು, ಒಂದು ದಿನದ ಮಟ್ಟಿಗೆ ನಿಲ್ಲಿಸಬಹುದು ಎಂದ.

ಈಗ ಆ ಶನಿವಾರಕ್ಕೆ ಬರುತ್ತೇನೆ. ನಮ್ಮ ಮನೆಯ ಗೋಡೆ ತೆಳು, ಕೇಳಬಾರದೆಂದರೂ ಕೇಳಿಸಿತು. ಮರುದಿನ ಪಟಾಕಿಯ ಹುಟ್ಟುಹಬ್ಬಕ್ಕೆ ಬೆಳಗ್ಗೆಯೇ ಹೊರಡಬೇಕು ಎಂದು ನೀನು, ಹೆಣ್ಣು ಹೂ ನಾಳೆಯೇ ಅರಳುತ್ತೆ, ನೀನು ಮುಂದೆ ಹೋಗಿರು ಎಂದು ಅವನು. ಆಗ ನೀನು, ನಿಮಗೆ ನನಗಿಂತ ಆ ಗಿಡವೇ ಹೆಚ್ಚು, ಅದರ ಜೊತೆಗೇ ಸಂಸಾರ ಮಾಡಿ ಎಂದೆ. ಅವನು ಅರ್ಧ ಕಾಫಿ ಬಿಟ್ಟು ಎದ್ದ. ಮಧ್ಯಾಹ್ನ ಯಾರದೋ ಅಡುಗೆಮನೆಯಲ್ಲಿ, ಬಿಚ್ಚಿದ ಫ್ರಿಜ್ಜಿನ ಮುಂದೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಆ ಮಾತೇ ನಿನ್ನ ಗಂಟಲಲ್ಲಿ ಮುಳ್ಳಾಗಿ ನಿಂತಿದೆ ಎಂದು ನನಗೆ ಗೊತ್ತು. ಅದಕ್ಕೇ ಅಲ್ಲವೇ ನೀನು ನನ್ನ ಮುಖ ನೋಡದೆ ತಮ್ಮನ ಕಾರು ಹತ್ತಿದ್ದು?

ನಿನಗೆ ಗೊತ್ತಿಲ್ಲದ್ದು ಇಷ್ಟಿದೆ. ಕಾಫಿ ಬಿಟ್ಟು ಎದ್ದವನು ಸೀದಾ ಹೋಗಲಿಲ್ಲ. ನಾನು ಮೆಟ್ಟಿಲ ಮೇಲೆ ಕುಳಿತು ಪೇಪರ್ ಓದುತ್ತಿದ್ದೆ. ನನ್ನ ಪಕ್ಕದಲ್ಲೇ ಕುಳಿತು ಬೂಟಿನ ಲೇಸು ಕಟ್ಟುತ್ತಾ ಅಂದ: “ಅಪ್ಪಾ, ಅವಳು ಹೇಳೋದೂ ಸರಿನೇ. ಹೂ ಕಿತ್ತು ಫ್ರಿಜ್ಜಲ್ಲಿ ಇಟ್ಟಿದ್ದೀನಿ. ನಾಳೆ ಬೆಳಗ್ಗೆ ನೀನೇ ಮುಟ್ಟಿಸಿಬಿಡು, ನಾನು ಅವಳ ಜೊತೆ ಹೊರಡ್ತೀನಿ. ಈಗ್ಲೇ ಹೇಳ್ಬೇಡ, ಕೋಪದಲ್ಲಿದ್ದಾಳೆ. ಸಂಜೆ ನಾನೇ ಹೇಳಿ ನಗಿಸ್ತೀನಿ.” ನಾಲ್ಕು ಮೆಟ್ಟಿಲು ಇಳಿದವನು ತಿರುಗಿ, “ಪೌಡರ್ ಬ್ರಷ್ ಮಾತ್ರ ಮುಟ್ಟಬೇಡ ಮಾರಾಯ” ಎಂದ. ನಗುತ್ತಲೇ ಹೋದ ಮಗಳೇ. ನಿನ್ನ ಮಾತನ್ನು ಹೊತ್ತುಕೊಂಡು ಹೋಗಲಿಲ್ಲ, ಅದನ್ನು ಆ ಮೆಟ್ಟಿಲ ಮೇಲೆಯೇ ಇಳಿಸಿ ಹೋದ. ಮನೆ ತುಂಬ ಜನವಿದ್ದಾಗ ಇದನ್ನು ಹೇಗೆ ಹೇಳಲಿ? ಆಮೇಲೆ ನೀನು ಸಿಗಲಿಲ್ಲ.

ಮರುದಿನ ಬೆಳಗ್ಗೆ ಅವನನ್ನು ನಡುಮನೆಯಲ್ಲಿ ಮಲಗಿಸಿತ್ತು. ನೀನು ಅವನ ತಲೆಯ ಬಳಿ ಕಲ್ಲಿನಂತೆ ಕುಳಿತಿದ್ದೆ. ಯಾರೋ ನೀರು ಕೇಳಿದರೆಂದು ಫ್ರಿಜ್ ತೆಗೆದೆ. ಡಬ್ಬಿ ಕಂಡಿತು. ತೆಗೆದುಕೊಂಡು ಬಾಲ್ಕನಿಗೆ ಹೋದೆ. ಹೆಣ್ಣು ಹೂ ಅರಳಿತ್ತು, ಏನೂ ನಡೆದೇ ಇಲ್ಲವೆಂಬಂತೆ. ಗಂಡು ಹೂವಿನ ಎಸಳು ಬಿಡಿಸಿ, ನಡುವಿನ ದಂಟನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಒತ್ತಿದೆ. ಮುದುಕನಿಗೆ ಬುದ್ಧಿ ಕೆಟ್ಟಿತು ಎಂದು ಹಿಂದಿನಿಂದ ಯಾರೋ ಅಂದರು. ನಿನ್ನ ಅತ್ತೆ ಬಂದಳು. ಕೈ ಹಿಡಿದು ಎಳೆಯುತ್ತಾಳೆ ಅಂದುಕೊಂಡೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ನನಗೆ ಅಡ್ಡ ಬರುತ್ತಿದ್ದ ಎಲೆಯನ್ನು ಒತ್ತಿ ಹಿಡಿದುಕೊಂಡಳು.

ಆ ಕಾಯಿ ಕೊಳೆಯಲಿಲ್ಲ. ಗಟ್ಟಿಯಾಗಿ ನಿಂತಿತು, ಬೆಳೆಯಿತು. ಎಳೆಯದರಲ್ಲೇ ಕೊಯ್ಯಬೇಕಿತ್ತು, ಯಾರಿಗೂ ಕೈ ಬರಲಿಲ್ಲ. ಬರಬರುತ್ತಾ ನನ್ನ ತೋಳಿಗಿಂತ ದಪ್ಪವಾಗಿ, ಸಿಪ್ಪೆ ಉಗುರು ಇಳಿಯದಷ್ಟು ಬಲಿತಿತ್ತು. ಕೆಳಗಿನ ಮನೆಯ ನರ್ಸಮ್ಮ ನೋಡಿ, “ಇದನ್ನ ಬಿಟ್ಕೊಂಡು ಕೂತ್ರೆ ಗಿಡದ ಸತ್ವವೆಲ್ಲ ಇದಕ್ಕೇ ಹೋಗತ್ತೆ ಅಜ್ಜ. ಹೊಸ ಕಾಯಿ ಕಟ್ಟಲ್ಲ” ಎಂದಳು. ನಿಜ, ಹೊಸ ಮೊಗ್ಗು ಬಿಡುವುದು ನಿಂತೇಹೋಗಿತ್ತು. ಹಾಗಾಗಿ ಮೊನ್ನೆ ಮನಸ್ಸು ಗಟ್ಟಿ ಮಾಡಿ ಕೊಯ್ದುಬಿಟ್ಟೆ. ನಿನ್ನ ಅತ್ತೆ ಬೇಯಿಸಿದಳು, ಇಬ್ಬರೂ ಉಂಡೆವು. ರುಚಿಯಾಗಿತ್ತು.

ನೀನೂ ಹಾಗೆಯೇ ಮಾಡು ಮಗಳೇ. ಆ ಒಂದು ಮಾತನ್ನೇ ಬೆಳೆಸಿಕೊಂಡು ಕೂರಬೇಡ. ಕನ್ನಡಕದ ಅಂಗಡಿಯವರು ನಿನ್ನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲವಂತೆ. ಇಲ್ಲಿಗೇ ಬಾ ಎನ್ನುವುದಿಲ್ಲ. ನಿನ್ನ ಬದುಕು ಎಲ್ಲಿ ಕುದುರುತ್ತದೋ ಅಲ್ಲಿರು. ಯಾರ ಜೊತೆ ಕುದುರಿದರೂ ನಮಗೆ ಸಂತೋಷವೇ. ನೀನು ಸೊಸೆಯಾಗಿ ಬಂದೆ, ಹೋಗುವುದಾದರೆ ಮಗಳಾಗಿ ಹೋಗು.

ಇಂತಿ ನಿನ್ನ ಮಾವ,
ಅವನ ಅಪ್ಪ

ತಾ.ಕ.: ನಿನ್ನ ಅತ್ತೆ ಕಾಗದ ಓದಿಸಿಕೊಂಡಳು. “ಮಗನ ವಿಷಯದಲ್ಲಿ ಸುಳ್ಳು ಬರೆದು ಕಳಿಸ್ತೀರೇನ್ರೀ?” ಎಂದು ಬೈದಳು. ಮೆಟ್ಟಿಲ ಮೇಲಿನ ಮಾತು ಅಕ್ಷರ ಅಕ್ಷರವೂ ನಿಜ, ಅವಳಾಣೆಗೂ ನಿಜ. ಸುಳ್ಳು ಒಂದೇ. ಕಾಯಿ ಕೊಯ್ದಿಲ್ಲ. ದಿನಾ ಬೆಳಗ್ಗೆ ಕತ್ತರಿ ಹಿಡಿದು ಹೋಗುತ್ತೇನೆ. ಜೀವಮಾನವೆಲ್ಲ ಊರವರ ತಲೆಯ ಮೇಲೆ ಆಡಿದ ಕೈ, ಆ ತೊಟ್ಟಿನ ಹತ್ತಿರ ಹೋಗಿ, ಒಣಗಿದ ಎಲೆಯೊಂದನ್ನು ಕತ್ತರಿಸಿ ಹಿಂದಕ್ಕೆ ಬರುತ್ತದೆ. ಅವನು ಕೊನೆಗೆ ಕಿತ್ತಿಟ್ಟ ಹೂವಿನ ಕಾಯಿ ಅದು. ನೀನು ಬಂದು ಕೊಯ್ದರೆ ಸರಿ. ಬರಲಾಗದಿದ್ದರೆ, ಮಾವ ಕೊಯ್ಯಿರಿ ಎಂದು ಒಂದು ಸಾಲು ಬರೆ. ನೀನು ಹೇಳಿದರೆ ಕೊಯ್ಯುತ್ತೇನೆ. ಎಲೆಗಳು ಒಂದೊಂದೇ ಒಣಗುತ್ತಿವೆ ಮಗಳೇ, ಬೇಗ ಬರೆ.